ಡೀಸೆಲ್‌ಗೆ ‘ಟಾನಿಕ್’ ಹಾಕಿದ್ರೆ ಟ್ರ್ಯಾಕ್ಟರ್ ಎಂಜಿನ್ ಉಳಿಯುತ್ತಾ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಈ ವಾರದ ಮಾತು ಟ್ರ್ಯಾಕ್ಟರ್ ಇಟ್ಟುಕೊಂಡಿರೋ ರೈತರಿಗೆ, ಟ್ರ್ಯಾಕ್ಟರ್ ಓಡಿಸೋ ಡ್ರೈವರ್ ಅಣ್ಣಂದಿರಿಗೆ. ನೀವು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಫಿಲ್ಟರ್ ತರೋಕೆ ಹೋಗಿರ್ತೀರಿ. ಅಂಗಡಿಯವರು ಒಂದು ಸಣ್ಣ ಬಾಟಲಿ ಮುಂದೆ ಇಡ್ತಾರೆ. ‘ಇದನ್ನ ಡೀಸೆಲ್ ಟ್ಯಾಂಕ್‌ಗೆ ಹಾಕಿ, ಪಂಪು, ನಾಜಲ್ ಏನೂ ಕೆಡಲ್ಲ, ಆವರೇಜ್ ಜಾಸ್ತಿ ಆಗುತ್ತೆ, ಹೊಗೆ ಕಡಿಮೆ ಆಗುತ್ತೆ’ ಅಂತಾರೆ. ಇಂಗ್ಲಿಷಲ್ಲಿ ಅದಕ್ಕೆ ಅಡಿಟಿವ್ ಅಂತಾರೆ. ನಮ್ಮ ಕಡೆ ಕೆಲವರು ಔಷಧಿ ಅಂತಾರೆ, ಕೆಲವರು ಟಾನಿಕ್ ಅಂತಾರೆ. ಇದನ್ನ ಹಾಕಬೇಕಾ, ಬೇಡವಾ? ಇವತ್ತಿನ ಪ್ರಶ್ನೆ ಇಷ್ಟೇ.

ಉತ್ತರ ಹೇಳೋಕೆ ಮುಂಚೆ ನಾನೇ ಮಾಡಿಕೊಂಡ ಒಂದು ಎಡವಟ್ಟನ್ನ ಹೇಳ್ತೀನಿ. ಅದರಲ್ಲಿ ನನ್ನ ದುಡ್ಡು ಹೋಯ್ತು. ದುಡ್ಡಿಗಿಂತ ದೊಡ್ಡದು ಇನ್ನೊಂದು ಹೋಗೋದರಲ್ಲಿತ್ತು.

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಊರು, ಸಿಂಧನೂರು ಕಡೆ. ಭತ್ತದ ಸೀಮೆ. ಕಾಲುವೆಗೆ ನೀರು ಬಿಟ್ಟರು ಅಂದ್ರೆ ಮುಗೀತು, ಊರಿಗೆ ಊರೇ ಒಟ್ಟಿಗೆ ಗದ್ದೆಗೆ ಇಳಿಯುತ್ತೆ. ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಕಟ್ಟಿ, ನಾಟಿಗೆ ಗದ್ದೆ ಕೆಸರು ಮಾಡೋ ಕೆಲಸ ಬೆಳಗ್ಗೆಯಿಂದ ರಾತ್ರಿವರೆಗೂ ನಡೆಯುತ್ತೆ. ನಮ್ಮ ಹೊಲದ್ದು ಮುಗಿದ ಮೇಲೆ ಬೇರೆಯವರ ಹೊಲಕ್ಕೆ ಬಾಡಿಗೆ. ಟ್ರ್ಯಾಕ್ಟರ್ ಸಾಲದ ಕಂತು ಬರೋದೇ ಆ ಮೂರ್ನಾಲ್ಕು ವಾರದ ದುಡಿಮೆಯಿಂದ.

ಬಂಕ್ ನಮ್ಮೂರಿಂದ 12 ಕಿಲೋಮೀಟರ್. ದಿನಾ ಓಡಾಡೋಕೆ ಆಗಲ್ಲ ಅಂತ ಆ ವರ್ಷ 200 ಲೀಟರ್ ಬ್ಯಾರಲ್ ತುಂಬಿಸಿ ತಂದೆ. ಶೆಡ್ ಒಳಗೆ ಗೊಬ್ಬರದ ಚೀಲ ಇತ್ತು. ಬ್ಯಾರಲ್ಲನ್ನ ಹೊರಗೆ ಅಂಗಳದಲ್ಲಿ ನಿಲ್ಲಿಸಿದೆ. ಜೊತೆಗೆ ಅಂಗಡಿಯಿಂದ ಒಂದು ಬಾಟಲಿ ಔಷಧಿ ತಂದು ಸುರಿದೆ. ಪಂಪ್ ಕಾಯೋಕೆ ಇದು ಸಾಕು ಅಂತ ನೆಮ್ಮದಿಯಾಗಿದ್ದೆ.

ಎರಡನೇ ಬ್ಯಾರಲ್ ಅರ್ಧ ಆಗೋ ಹೊತ್ತಿಗೆ ಟ್ರ್ಯಾಕ್ಟರ್ ಗದ್ದೆ ನಡುವೆ ನಿಂತಿತು. ಮಿಸ್ಸಿಂಗ್ ಹೊಡೆದು, ಬಿಳಿ ಹೊಗೆ ಕಾರಿ, ಆಮೇಲೆ ಸುಮ್ಮನಾಯ್ತು. ಫಿಲ್ಟರ್ ಬದಲಾಯಿಸಿ ಏರ್ ತೆಗೆದ್ವಿ. ಅರ್ಧ ಗಂಟೆ ಓಡಿ ಮತ್ತೆ ನಿಂತಿತು. ನಮ್ಮ ಡ್ರೈವರ್ ಅಪ್ಪನ ಕಾಲದಿಂದ ಇದ್ದವರು, ನಾನು ಕಾಕಾ ಅಂತಾನೇ ಕರೀತೀನಿ. ಅವರು ಹೇಳಿದ್ರು: “ಡೀಸೆಲ್‌ದಾಗ ಏನೋ ಐತಪಾ.” ನನಗೆ ಸಿಟ್ಟು ಬಂತು. ಔಷಧಿ ಹಾಕಿದ ಡೀಸೆಲ್, ಅದರಲ್ಲಿ ಏನಿರುತ್ತೆ? ಬದುವಿನ ಮೇಲೆ ನಾಲ್ಕು ಜನ ನಿಂತಿದ್ರು. ಅವರ ಮುಂದೆಯೇ ಕೇಳಿಬಿಟ್ಟೆ: “ಕಾಕಾ, ಡೀಸೆಲ್ ತಗದು ಸೀಮೆಎಣ್ಣಿ ಏನಾರ ಕಲಿಸೀರೇನು?”

ಅವರು ಮಾತಾಡಲಿಲ್ಲ. ಕೀಲಿ ಬಾನೆಟ್ ಮೇಲಿಟ್ಟು, ಕೆಸರುಗಾಲಲ್ಲೇ ಮನೆಗೆ ಹೋದ್ರು.

ಮುಂದೇನಾಯ್ತು ಅನ್ನೋದನ್ನ ಆಮೇಲೆ ಹೇಳ್ತೀನಿ. ಮೊದಲು ವಿಷಯಕ್ಕೆ ಬರೋಣ.

ಡೀಸೆಲ್ ಉರಿಯೋಕೆ ಮಾತ್ರ ಅಲ್ಲ

ಎಂಜಿನ್‌ಗೆ ಎಂಜಿನ್ ಆಯಿಲ್ ಇದೆ, ಗೇರ್‌ಬಾಕ್ಸ್‌ಗೆ ಗೇರ್ ಆಯಿಲ್ ಇದೆ. ಆದ್ರೆ ಡೀಸೆಲ್ ಪಂಪ್ ಒಳಗೆ? ರೋಟರಿ ಪಂಪ್ ಆದ್ರೆ ಒಳಗಿನ ಎಲ್ಲ ಭಾಗಕ್ಕೂ ಜಾರಿಕೆ ಕೊಡೋದು ಡೀಸೆಲ್ಲೇ. ಇನ್‌ಲೈನ್ ಪಂಪ್ ಆದ್ರೆ ಕೆಳಗಿನ ಕ್ಯಾಮ್‌ಗೆ ಎಂಜಿನ್ ಆಯಿಲ್ ಸಿಗುತ್ತೆ, ಆದ್ರೆ ಮೇಲಿನ ಪ್ಲಂಜರ್‌ಗೆ ಅಲ್ಲೂ ಡೀಸೆಲ್ಲೇ ಗತಿ. ಪ್ಲಂಜರ್‌ಗೂ ಅದರ ಬ್ಯಾರಲ್‌ಗೂ ನಡುವಿನ ಸಂದು ಎಷ್ಟು ಗೊತ್ತಾ? ಕೆಲವೇ ಮೈಕ್ರಾನ್. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತೆ. ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಸಂದಿಯಲ್ಲಿ ಡೀಸೆಲ್‌ನ ಪದರ ಒಂದೇ ಕಾವಲು. ಅಲ್ಲಿಗೆ ಡೀಸೆಲ್ ಬದಲು ನೀರಿನ ಹನಿ ಹೋದ್ರೆ, ಮಣ್ಣಿನ ಕಣ ಹೋದ್ರೆ, ಲೋಹಕ್ಕೆ ಲೋಹ ಉಜ್ಜುತ್ತೆ.

‘ಈಗಿನ ಡೀಸೆಲ್‌ನಲ್ಲಿ ಗಂಧಕ ತೆಗೆದಿದ್ದಾರೆ, ಅದಕ್ಕೇ ಪಂಪ್ ಬೇಗ ಹೋಗುತ್ತೆ, ಔಷಧಿ ಹಾಕಲೇಬೇಕು’ ಅನ್ನೋ ಮಾತನ್ನ ನೀವೂ ಕೇಳಿರ್ತೀರಿ. ಇದರಲ್ಲಿ ಅರ್ಧ ನಿಜ ಇದೆ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲ ಬಂಕ್‌ಗಳಲ್ಲಿ ಬಿಎಸ್-6 ಡೀಸೆಲ್ ಸಿಗ್ತಾ ಇದೆ. ಬಿಎಸ್-4ರಲ್ಲಿ ಗಂಧಕ 50 ಪಿಪಿಎಂವರೆಗೆ ಇರಬಹುದಿತ್ತು, ಬಿಎಸ್-6ರಲ್ಲಿ 10 ಪಿಪಿಎಂ. ಅಂದ್ರೆ ಹತ್ತು ಲಕ್ಷ ಭಾಗಕ್ಕೆ ಹತ್ತು ಭಾಗ. ಗಂಧಕ ಹೋದ್ರೆ ಹೊಗೆಗೆ ಒಳ್ಳೇದು, ಎಂಜಿನ್ ಆಯಿಲ್‌ಗೂ ಒಳ್ಳೇದು. ಆದ್ರೆ ರಿಫೈನರಿಯಲ್ಲಿ ಗಂಧಕ ತೆಗೆಯೋವಾಗ, ಡೀಸೆಲ್‌ನಲ್ಲಿ ಸಹಜವಾಗಿ ಇದ್ದ ಜಾರಿಕೆ ಕೊಡೋ ಕೆಲವು ಅಂಶಗಳೂ ಹೋಗಿಬಿಡ್ತವೆ. ಸ್ವೀಡನ್‌ನಲ್ಲಿ 1990ರ ದಶಕದ ಆರಂಭದಲ್ಲಿ ಗಂಧಕ ತೀರಾ ಕಡಿಮೆ ಇರೋ ಡೀಸೆಲ್ ತಂದಾಗ ರೋಟರಿ ಪಂಪ್‌ಗಳು ಕೆಟ್ಟುಹೋದವು. ಜಗತ್ತು ಪಾಠ ಕಲಿತದ್ದು ಆಗ.

ಆ ಪಾಠದ ಫಲ ಈಗ ನಮಗೂ ಸಿಕ್ಕಿದೆ. ನಮ್ಮ ದೇಶದ ಡೀಸೆಲ್ ಮಾನದಂಡ ಐಎಸ್ 1460. ಅದರಲ್ಲಿ ಜಾರಿಕೆಗೇ ಒಂದು ಪರೀಕ್ಷೆ ಇದೆ. ಡೀಸೆಲ್ ಒಳಗೆ ಸಣ್ಣ ಉಕ್ಕಿನ ಗುಂಡೊಂದನ್ನ ತಟ್ಟೆ ಮೇಲೆ ಉಜ್ಜಿಸ್ತಾರೆ. ಗುಂಡಿನ ಮೇಲೆ ಬೀಳೋ ಸವೆತದ ಗುರುತು 460 ಮೈಕ್ರಾನ್, ಅಂದ್ರೆ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ, ದಾಟಬಾರದು. ಅದಕ್ಕೆ ಬೇಕಾದ ಜಾರಿಕೆಯ ಅಡಿಟಿವ್ ಅನ್ನ ಬಂಕ್‌ಗೆ ಬರೋ ಮುಂಚೆಯೇ ಸೇರಿಸಿರ್ತಾರೆ. ಸರಿಯಾದ ಬಂಕ್‌ನ ಡೀಸೆಲ್‌ಗೆ ನೀವು ಮತ್ತೆ ಜಾರಿಕೆ ಔಷಧಿ ಹಾಕೋದು, ಉಪ್ಪು ಹಾಕಿದ ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿದ ಹಾಗೆ.

ಯಾವ ಬಾಟಲಿ ಏನು ಮಾಡುತ್ತೆ?

ಎಲ್ಲ ಬಾಟಲಿನೂ ಒಂದೇ ಅಲ್ಲ. ಮೇಲೆ ಟ್ರ್ಯಾಕ್ಟರ್ ಚಿತ್ರ ಇದ್ರೆ ಸಾಕು ಅಂತ ತರಬೇಡಿ.

ಮೊದಲನೇದು ಡಿಟರ್ಜೆಂಟ್. ನಾಜಲ್ ತುದಿಯ ಸಣ್ಣ ರಂಧ್ರಗಳಲ್ಲಿ ಇಂಗಾಲ ಕಟ್ಟಿಕೊಳ್ಳುತ್ತೆ. ಸಿಂಪಡಣೆ ಪಂಪಿನ ನಾಜಲ್ ಕಟ್ಟಿಕೊಂಡ್ರೆ ಔಷಧಿ ಹರಡದೆ ಧಾರೆಯಾಗಿ ಬೀಳಲ್ವಾ, ಇಲ್ಲೂ ಹಾಗೇ. ಡೀಸೆಲ್ ಮಂಜಿನ ಹಾಗೆ ಹರಡದೆ ಹನಿಹನಿಯಾಗಿ ಬೀಳುತ್ತೆ, ಸರಿಯಾಗಿ ಉರಿಯಲ್ಲ. ಒಳ್ಳೆ ಡಿಟರ್ಜೆಂಟ್ ಈ ಕೊಳೆ ಕಟ್ಟೋದನ್ನ ತಡೆಯುತ್ತೆ, ಕಟ್ಟಿರೋದನ್ನ ನಿಧಾನವಾಗಿ ಬಿಡಿಸುತ್ತೆ. ಒಂದೇ ಟ್ಯಾಂಕ್‌ನಲ್ಲಿ ಪವಾಡ ಆಗಲ್ಲ, ಕೆಲವು ಟ್ಯಾಂಕ್ ಬೇಕು. ನನ್ನ ಪ್ರಕಾರ ರೈತನಿಗೆ ನಿಜವಾಗಿ ಉಪಯೋಗಕ್ಕೆ ಬರೋ ಅಡಿಟಿವ್ ಅಂದ್ರೆ ಇದೊಂದೇ. ಅದೂ ಕೊಳೆ ಇದ್ರೆ ಮಾತ್ರ. ನಾಜಲ್ ಸವೆದಿದ್ರೆ ಯಾವ ಔಷಧಿನೂ ಲೋಹವನ್ನ ವಾಪಸ್ ತರಲ್ಲ. ಸವೆದ ಚಪ್ಪಲಿಗೆ ಪಾಲಿಶ್ ಹಚ್ಚಿದ್ರೆ ಅಟ್ಟೆ ಬರುತ್ತಾ?

ಎರಡನೇದು ಸೀಟೇನ್ ಹೆಚ್ಚಿಸೋದು. ಸೀಟೇನ್ ಅಂದ್ರೆ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತೆ ಅನ್ನೋದರ ಅಳತೆ. ನಮ್ಮ ಬಿಎಸ್-6 ಡೀಸೆಲ್‌ನಲ್ಲಿ ಅದು ಕನಿಷ್ಠ 51 ಇರಲೇಬೇಕು. ನಮ್ಮ ಹವೆಗೆ ಇಷ್ಟು ಧಾರಾಳ. ಚಳಿಗೆ ಡೀಸೆಲ್ ಗಟ್ಟಿಯಾಗದ ಹಾಗೆ ಮಾಡೋ ಬಾಟಲಿನೂ ಅಷ್ಟೇ. ಅದು ಹಿಮ ಬೀಳೋ ಕಡೆಯವರಿಗೆ, ಸಿಂಧನೂರಿಗಲ್ಲ.

ಮೂರನೇದು ಸೂಕ್ಷ್ಮಜೀವಿ ಕೊಲ್ಲೋ ಬಯೋಸೈಡ್. ಡೀಸೆಲ್‌ನಲ್ಲಿ ಜೀವಿ ಬೆಳೆಯುತ್ತಾ ಅಂತ ನಗಬೇಡಿ. ನೀರಿಗೂ ಡೀಸೆಲ್‌ಗೂ ನಡುವಿನ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಸಲು ಬೆಳೆಯುತ್ತವೆ. ಅವುಗಳಿಗೆ ನೀರು ಬೇಕು, ಡೀಸೆಲ್ಲೇ ಊಟ. ಕಪ್ಪು-ಕಂದು ಬಣ್ಣದ ಲೋಳೆ ಆಗಿ ಫಿಲ್ಟರ್ ಕಟ್ಟುತ್ತೆ, ಲೋಹವನ್ನ ತಿನ್ನೋ ಆಮ್ಲ ಬಿಡುತ್ತೆ. ಬಯೋಸೈಡ್ ಇವನ್ನ ಕೊಲ್ಲುತ್ತೆ ನಿಜ. ಆದ್ರೆ ಸತ್ತ ಲೋಳೆ ಎಲ್ಲಿಗೆ ಹೋಗುತ್ತೆ? ಸೀದಾ ಫಿಲ್ಟರ್‌ಗೆ. ಕೆಳಗಿನ ನೀರನ್ನ ತೆಗೆಯದೆ ಇದ್ರೆ ಮತ್ತೆ ಬೆಳೆಯುತ್ತೆ. ಇದು ವಿಷ ಕೂಡ, ಬರಿಗೈಲಿ ಮುಟ್ಟಬಾರದು.

ನಾಲ್ಕನೇದು ‘ನೀರು ಹೋಗಲಾಡಿಸೋ’ ಬಾಟಲಿ. ಇಲ್ಲಿ ಸ್ವಲ್ಪ ಗಮನ ಕೊಡಿ. ಇದರಲ್ಲಿ ಎರಡು ಬಗೆ. ಒಂದು ಬಗೆ ನೀರನ್ನ ಡೀಸೆಲ್‌ನಿಂದ ಬೇರೆ ಮಾಡಿ ತಳಕ್ಕೆ ಇಳಿಸುತ್ತೆ. ಆಮೇಲೆ ಅದನ್ನ ನೀವು ಡ್ರೈನ್ ಮಾಡಬೇಕು. ಇನ್ನೊಂದು ಬಗೆ ನೀರನ್ನ ಸಣ್ಣ ಸಣ್ಣ ಹನಿ ಮಾಡಿ ಡೀಸೆಲ್‌ನಲ್ಲೇ ಕಲಸಿಬಿಡುತ್ತೆ, ಮಜ್ಜಿಗೆ ಕಡೆದ ಹಾಗೆ. ಆಗ ಫಿಲ್ಟರ್ ಕೆಳಗಿನ ನೀರು ಹಿಡಿಯೋ ಬಟ್ಟಲಿಗೆ ನೀರು ಸಿಗೋದೇ ಇಲ್ಲ. ಅದು ನೇರ ಪಂಪ್‌ಗೆ, ನಾಜಲ್‌ಗೆ ಹೋಗುತ್ತೆ. ಕಣ್ಣಿಗೆ ಕಾಣಲ್ಲ ಅಂದ ಮಾತ್ರಕ್ಕೆ ನೀರು ಹೋಯ್ತು ಅಂತಲ್ಲ.

ಇನ್ನು ಮನೆ ಮದ್ದುಗಳು. ಡೀಸೆಲ್‌ಗೆ 2ಟಿ ಆಯಿಲ್ ಹಾಕೋರು ಇದ್ದಾರೆ. ಅದು ಬೈಕಿನ ಟು-ಸ್ಟ್ರೋಕ್ ಎಂಜಿನ್‌ಗೆ ಮಾಡಿದ್ದು. ಉರಿದ ಮೇಲೆ ಬೂದಿ ಬಿಡೋ ಅಂಶಗಳೂ ಅದರಲ್ಲಿ ಇರಬಹುದು. ಸೀಮೆಎಣ್ಣೆಯಂತೂ ಡೀಸೆಲ್‌ಗಿಂತ ತೆಳು, ಜಾರಿಕೆ ಕಡಿಮೆ. ದುಡ್ಡು ಉಳಿಸೋಕೆ ಹೋಗಿ ಪಂಪ್ ಕಳಕೊಳ್ಳೋ ದಾರಿ ಅದು. ಹೊಂಗೆ ಎಣ್ಣೆ ಹಾಕಿದ್ರೆ ಹೇಗೆ ಅಂತಲೂ ಕೆಲವರು ಕೇಳ್ತಾರೆ. ಹೊಂಗೆಯಿಂದ ಮಾಡಿದ ಬಯೋಡೀಸೆಲ್ ಬೇರೆ, ಗಾಣದ ಹೊಂಗೆ ಎಣ್ಣೆ ಬೇರೆ. ಬಯೋಡೀಸೆಲ್ ಅಂದ್ರೆ ಎಣ್ಣೆಯನ್ನ ರಾಸಾಯನಿಕವಾಗಿ ಸಂಸ್ಕರಿಸಿ, ಜಿಗುಟು ಇಳಿಸಿ ಮಾಡಿದ್ದು. ಗಾಣದ ಎಣ್ಣೆಯನ್ನ ಹಾಗೇ ಸುರಿದ್ರೆ ನಾಜಲ್ ತುದಿಯಲ್ಲಿ, ಪಿಸ್ಟನ್ ರಿಂಗ್‌ನಲ್ಲಿ ಅಂಟು ಕಟ್ಟುತ್ತೆ.

ಇನ್ನೊಂದು ಮಾತು. ಕಪ್ಪು ಹೊಗೆ ಬಂದ ಕೂಡಲೇ ಔಷಧಿ ತರೋಕೆ ಓಡಬೇಡಿ. ಮೊದಲು ಏರ್ ಕ್ಲೀನರ್ ನೋಡಿ. ರಾಶಿ ಮಾಡೋ ಧೂಳಲ್ಲಿ ಅದು ಕಟ್ಟಿಕೊಂಡು ಎಂಜಿನ್‌ಗೆ ಉಸಿರೇ ಸಿಗ್ತಿರಲ್ಲ. ಆಯಿಲ್ ಬಾತ್ ಬಗೆಯದಾದ್ರೆ ಬಟ್ಟಲಿನ ಎಣ್ಣೆ ಕೆಸರಾಗಿರುತ್ತೆ. ಹೊಗೆ ನೀಲಿ ಇದ್ರೆ ಎಂಜಿನ್ ಆಯಿಲ್ ಉರೀತಿದೆ ಅಂತ ಅರ್ಥ. ಡೀಸೆಲ್ ಔಷಧಿಗೂ ಅದಕ್ಕೂ ಸಂಬಂಧ ಇಲ್ಲ.

ಬ್ಯಾರಲ್ ಉಸಿರಾಡುತ್ತೆ

ಈಗ ನನ್ನ ಕಥೆಗೆ ವಾಪಸ್ ಬರ್ತೀನಿ. ಪಂಪ್ ಇಳಿಸಿ, ಪಟ್ಟಣದ ಪಂಪ್ ಮಿಸ್ತ್ರಿ ಹತ್ತಿರ ತಗೊಂಡು ಹೋದೆ. ಅವರು ಬಿಚ್ಚಿ ಬಿಳಿ ಬಟ್ಟೆ ಮೇಲೆ ಹರಡಿದ್ರು. ಕನ್ನಡಿ ಹಾಗೆ ಹೊಳೀಬೇಕಾದ ಭಾಗಗಳ ಮೇಲೆ ತುಕ್ಕಿನ ಚುಕ್ಕೆ, ಉದ್ದುದ್ದ ಗೀರು. ಅವರು ನನ್ನ ಮುಖ ನೋಡಿ ಕೇಳಿದ್ರು: “ಏನ್ರೀ, ಡೀಸೆಲ್ ಹಾಕೀರೋ, ನೀರು ಹಾಕೀರೋ?”

ನಾನು ಔಷಧಿ ಹಾಕಿದ್ದೆ ಅಂದೆ. “ಔಷಧಿ ಇರ್ಲಿ. ಬ್ಯಾರಲ್ ಎಲ್ಲಿ ಇಟ್ಟೀರಿ, ಅದ ಹೇಳ್ರಿ,” ಅಂದ್ರು. ಹೊರಗೆ, ನಿಲ್ಲಿಸಿ ಇಟ್ಟಿದ್ದೀನಿ ಅಂದೆ. ಅವರು ಮತ್ತೇನೂ ಕೇಳಲಿಲ್ಲ.

ಆಗ ಅವರು ಹೇಳಿಕೊಟ್ಟ ಪಾಠ ಇದು. ನಿಲ್ಲಿಸಿದ ಬ್ಯಾರಲ್‌ನ ಮೇಲ್ಭಾಗಕ್ಕೆ ಸುತ್ತ ಅಂಚು ಇರುತ್ತೆ, ತಟ್ಟೆ ಹಾಗೆ. ಮಳೆ ನೀರು ಅದರಲ್ಲಿ ನಿಲ್ಲುತ್ತೆ, ಮುಚ್ಚಳ ನೀರಲ್ಲಿ ಮುಳುಗಿರುತ್ತೆ. ಹಗಲು ಬಿಸಿಲಿಗೆ ಒಳಗಿನ ಗಾಳಿ, ಡೀಸೆಲ್ ಹಿಗ್ಗಿ, ಗಾಳಿ ಮುಚ್ಚಳದ ಸಂದಿಯಿಂದ ಆಚೆ ಹೋಗುತ್ತೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಹೊರಗಿನದನ್ನ ಒಳಕ್ಕೆ ಎಳೆಯುತ್ತೆ. ಮುಚ್ಚಳದ ಮೇಲೆ ಇರೋದು ನೀರು. ಆ ನೀರನ್ನೇ ಎಳೆದುಕೊಳ್ಳುತ್ತೆ. ದಿನಾ ಸ್ವಲ್ಪ ಸ್ವಲ್ಪ. ಮುಚ್ಚಳ ಬಿಗಿ ಇದೆ ಅಂತ ನಾವು ಅಂದುಕೊಂಡಿರ್ತೀವಿ, ಬ್ಯಾರಲ್ ಉಸಿರಾಡ್ತಾನೇ ಇರುತ್ತೆ.

ನೀರು ಡೀಸೆಲ್‌ಗಿಂತ ಭಾರ. ತಳಕ್ಕೆ ಇಳಿಯುತ್ತೆ. ನಮ್ಮ ಕೈಪಂಪಿನ ಪೈಪು ಕೂಡ ಸೀದಾ ತಳಕ್ಕೆ ಮುಟ್ಟಿತ್ತು. ಅಂದ್ರೆ ನಾನು ಡೀಸೆಲ್‌ಗಿಂತ ಮೊದಲು ನೀರನ್ನೇ ಎತ್ತಿ ಟ್ಯಾಂಕ್‌ಗೆ ಹಾಕಿದ್ದೆ. ಮನೆಗೆ ಬಂದು ಬ್ಯಾರಲ್ ವಾಲಿಸಿ ತಳದ್ದನ್ನ ಬಕೆಟ್‌ಗೆ ತೆಗೆದೆ. ಸುಮಾರು ಮೂರು ಲೀಟರ್ ನೀರು, ಮೇಲೆ ಕಂದು ಲೋಳೆ. ಬಿಎಸ್-6 ಡೀಸೆಲ್‌ನಲ್ಲಿ ಕೆಜಿಗೆ 200 ಮಿಲಿಗ್ರಾಂಗಿಂತ ಹೆಚ್ಚು ನೀರು ಇರಬಾರದು. ಲೆಕ್ಕ ಹಾಕಿದ್ರೆ 200 ಲೀಟರ್ ಬ್ಯಾರಲ್‌ಗೆ ಹೆಚ್ಚೆಂದರೆ 33 ಮಿಲಿ. ನನ್ನ ಹತ್ತಿರ ಇದ್ದದ್ದು ಅದರ ಸುಮಾರು 90 ಪಟ್ಟು. ಯಾವ ಬಾಟಲಿ ಇದನ್ನ ಸರಿ ಮಾಡುತ್ತೆ ಹೇಳಿ?

ಪಂಪ್, ಮೂರು ನಾಜಲ್ ಸೇರಿ 18,000 ರೂಪಾಯಿ ಆಯ್ತು. ಆರು ದಿನ ಟ್ರ್ಯಾಕ್ಟರ್ ನಿಂತಿತು. ಸಸಿ ಬಲೀತಾ ಇತ್ತು, ನಮ್ಮನ್ನ ನಂಬಿದ್ದ ಇಬ್ಬರು ಬೇರೆ ಟ್ರ್ಯಾಕ್ಟರ್ ಹುಡುಕಿಕೊಂಡ್ರು.

ಹಾಗಾದ್ರೆ ಏನು ಮಾಡಬೇಕು?

ಖರ್ಚಿಲ್ಲದ ಕೆಲಸದಿಂದ ಶುರು ಮಾಡ್ತೀನಿ.

ಬ್ಯಾರಲ್ಲನ್ನ ಸೂರಿನ ಕೆಳಗೆ, ನೆರಳಲ್ಲಿ ಇಡಿ. ಹೊರಗೇ ಇಡಬೇಕಾದ್ರೆ ಮಲಗಿಸಿ, ಎರಡೂ ಮುಚ್ಚಳ ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆ ಜಾಗಕ್ಕೆ ಬರೋ ಹಾಗೆ ಇಡಿ. ಆಗ ಮುಚ್ಚಳದ ಮೇಲೆ ನೀರು ನಿಲ್ಲಲ್ಲ. ಕೈಪಂಪಿನ ಪೈಪು ತಳದಿಂದ ನಾಲ್ಕು ಬೆರಳು ಮೇಲಿರಲಿ. ತುಂಬಿಸಿ ತಂದ ಬ್ಯಾರಲ್ಲನ್ನ ಒಂದು ರಾತ್ರಿ ಅಲುಗಾಡಿಸದೆ ಬಿಡಿ, ಆಮೇಲೆ ಬಳಸಿ. ಜಿಂಕ್ ಲೇಪನದ ಜಿಐ ಡಬ್ಬಿ, ತಾಮ್ರದ ಪೈಪು ಬೇಡ. ಡೀಸೆಲ್ ಜೊತೆ ಸೇರಿ ಕೊಳೆ ಕಟ್ಟೋಕೆ ಅವೇ ಕಾರಣ ಆಗ್ತವೆ. ಆರು ತಿಂಗಳಿಗಿಂತ ಹಳೇ ಡೀಸೆಲ್ ಇಟ್ಟುಕೊಳ್ಳಬೇಡಿ.

ಟ್ರ್ಯಾಕ್ಟರ್ ಟ್ಯಾಂಕ್ ಅನ್ನ ಸಂಜೆ ಕೆಲಸ ಮುಗಿದ ಮೇಲೆ ತುಂಬಿಸಿ. ಖಾಲಿ ಟ್ಯಾಂಕ್‌ನಲ್ಲಿ ಗಾಳಿ ಇರುತ್ತೆ, ರಾತ್ರಿ ತಂಪಿಗೆ ಆ ಗಾಳಿಯ ತೇವ ಒಳಗೋಡೆಗೆ ಬೆವರಿನ ಹಾಗೆ ಕೂರುತ್ತೆ. ತುಂಬಿದ ಟ್ಯಾಂಕ್‌ನಲ್ಲಿ ಆ ಜಾಗನೇ ಇರಲ್ಲ.

ಬೆಳಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಫಿಲ್ಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಒಂದಿಷ್ಟು ಗಾಜಿನ ಬಾಟಲಿಗೆ ಹಿಡೀರಿ. ಬೆಳಕಿಗೆ ಹಿಡಿದು ನೋಡಿ. ತಿಳಿ ಇದ್ರೆ ಸರಿ. ಮಬ್ಬಾಗಿದ್ರೆ, ತಳದಲ್ಲಿ ಗೆರೆ ಕಂಡ್ರೆ ನೀರಿದೆ. ಮಳೆಗಾಲದಲ್ಲಿ ದಿನಾ, ಉಳಿದಾಗ ವಾರಕ್ಕೊಮ್ಮೆ. ಎರಡು ನಿಮಿಷದ ಕೆಲಸ.

ಫಿಲ್ಟರ್ ಅನ್ನ ಮ್ಯಾನ್ಯುಯಲ್‌ನಲ್ಲಿ ಬರೆದಷ್ಟು ಗಂಟೆಗೆ ಬದಲಾಯಿಸಿ. ತೊಳೆದು, ಬಡಿದು ಮತ್ತೆ ಹಾಕಬೇಡಿ. ತೊಳೆದ ಕಾಗದದ ಫಿಲ್ಟರ್ ಹರಿದಿದ್ರೂ ಕಣ್ಣಿಗೆ ಕಾಣಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಅಡಿಟಿವ್ ಹಾಕಬೇಕು ಅನಿಸಿದ್ರೆ? ಹಾಕಿ, ನಾನು ಬೇಡ ಅನ್ನಲ್ಲ. ಆದ್ರೆ ಏನಕ್ಕೆ ಹಾಕ್ತಿದ್ದೀರಿ ಅನ್ನೋದು ಗೊತ್ತಿರಲಿ. ಮೊದಲು ಮ್ಯಾನ್ಯುಯಲ್ ನೋಡಿ, ವಾರಂಟಿ ಇದ್ರೆ ಡೀಲರ್ ಹತ್ತಿರ ಕೇಳಿ. ಅಳತೆ ಮೀರಬೇಡಿ. 1,000 ಲೀಟರ್‌ಗೆ ಒಂದು ಲೀಟರ್ ಅಂತ ಬರೆದಿದ್ರೆ, 60 ಲೀಟರ್ ಟ್ಯಾಂಕ್‌ಗೆ 60 ಮಿಲಿ. ಕಣ್ಣಂದಾಜು ಬೇಡ, ಕೀಟನಾಶಕ ಅಳೆಯೋ ಹಾಗೆ ಅಳೆದು ಹಾಕಿ. ಮೊದಲು ಔಷಧಿ ಹಾಕಿ, ಆಮೇಲೆ ಡೀಸೆಲ್ ತುಂಬಿಸಿದ್ರೆ ತಾನೇ ಬೆರೆಯುತ್ತೆ. ಎರಡು ಕಂಪನಿಯದ್ದನ್ನ ಒಟ್ಟಿಗೆ ಸೇರಿಸಬೇಡಿ. ಕೊಳೆ ತುಂಬಿದ ಹಳೇ ಟ್ಯಾಂಕ್ ಆದ್ರೆ, ಮೊದಲು ಟ್ಯಾಂಕ್ ತೊಳೆಸಿ. ಇಲ್ಲಾಂದ್ರೆ ಡಿಟರ್ಜೆಂಟ್ ಬಿಡಿಸಿದ ಕೊಳೆ ಫಿಲ್ಟರ್‌ಗೆ ಬಂದು ಕೂರುತ್ತೆ.

50 ಎಚ್‌ಪಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರ್ ತಗೊಂಡವರಿಗೆ ಒಂದು ಮಾತು. 2023ರ ಜನವರಿಯಿಂದ ಅವುಗಳಿಗೆ ಟ್ರೆಮ್-4 ಹೊಗೆ ನಿಯಮ ಬಂದಿದೆ. ಹೀಗಾಗಿ ಬಹಳಷ್ಟರಲ್ಲಿ ಕಾಮನ್ ರೈಲ್ ವ್ಯವಸ್ಥೆ ಇದೆ. ಹಳೇ ನಾಜಲ್ ಸುಮಾರು 200 ಬಾರ್ ಒತ್ತಡಕ್ಕೆ ತೆರೆಯುತ್ತಿತ್ತು. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಹಳೇ ಪಂಪ್ ಸಹಿಸಿಕೊಂಡಿದ್ದ ಕೊಳೆಯನ್ನ ಇದು ಸಹಿಸಲ್ಲ. ಒಂದು ಇಂಜೆಕ್ಟರ್ ಬೆಲೆ ಕೇಳಿದ್ರೆ, ಡ್ರೈನ್ ಸ್ಕ್ರೂ ಬಿಚ್ಚೋ ಎರಡು ನಿಮಿಷ ಭಾರ ಅನಿಸಲ್ಲ.

ಒಟ್ಟು ಮಾತು ಇಷ್ಟು: ಔಷಧಿ ಹಾಕಿದ್ದೀನಿ ಅನ್ನೋ ಧೈರ್ಯದಲ್ಲಿ ನಾನು ನೋಡೋದನ್ನೇ ಬಿಟ್ಟಿದ್ದೆ. ಆ ಬಾಟಲಿಯಿಂದ ನನಗಾದ ದೊಡ್ಡ ನಷ್ಟ ಅದರ ಬೆಲೆ ಅಲ್ಲ, ಆ ಹುಸಿ ಧೈರ್ಯ.

ಮಿಸ್ತ್ರಿ ಹತ್ತಿರದಿಂದ ಬಂದ ದಿನ ಸಂಜೆ ಕಾಕಾನ ಮನೆಗೆ ಹೋದೆ. ಅಂಗಳದಲ್ಲಿ ಹೊರಸಿನ ಮೇಲೆ ಕೂತಿದ್ರು. ನೀರು ತುಂಬಿದ ಬಾಟಲಿ ತೋರಿಸಿ, ತಪ್ಪು ನಂದು ಅಂದೆ. ಬದುವಿನ ಮೇಲೆ ನಾಲ್ಕು ಜನರ ಮುಂದೆ ಅಂದ ಮಾತು ಅದು. ಅದಕ್ಕೇ ಮಾರನೇ ದಿನ ಅದೇ ಬದುವಿನ ಮೇಲೆ, ಸಿಕ್ಕವರ ಮುಂದೆ ಮತ್ತೊಮ್ಮೆ ಹೇಳಿದೆ. ಅವತ್ತು ಸಂಜೆ ಮಾತ್ರ ಕಾಕಾ ಬಾಟಲಿಯನ್ನ ಬೆಳಕಿಗೆ ಹಿಡಿದು ಸುಮಾರು ಹೊತ್ತು ನೋಡಿದ್ರು. ಆಮೇಲೆ ಕೇಳಿದ್ದು ಒಂದೇ ಮಾತು: “ಬ್ಯಾರಲ್ ಒಳಗ ಇಟ್ಟೀಯೇನು?”

ಇಟ್ಟಿದ್ದೀನಿ ಅಂದೆ. “ಹಂಗಾರ ನಡಿ, ನಾಳೆ ಬರ್ತೀನಿ,” ಅಂದ್ರು.

ಈಗಲೂ ಬೆಳಗ್ಗೆ ಡ್ರೈನ್ ಸ್ಕ್ರೂ ಬಿಚ್ಚೋದು ಅವರೇ, ಬಾಟಲಿ ಹಿಡಿಯೋದು ನಾನು. ನೀವೂ ನಾಳೆ ಬೆಳಗ್ಗೆ ಒಮ್ಮೆ ಬಿಚ್ಚಿ ನೋಡಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.